ಅನ್ನನಾಳದ ಕ್ಯಾನ್ಸರ್‌ಗೆ ರೋಬೋಟಿಕ್ ಆಪರೇಷನ್ ಮಾಡಿಸಬಹುದೇ?

ನಿಮ್ಮ ತಂದೆಯವರಿಗೆ ಅನ್ನನಾಳದ ಕ್ಯಾನ್ಸರ್, ಡಾಕ್ಟರು ರೋಬೋಟಿಕ್ ಆಪರೇಷನ್ ಅಂದಿದ್ದಾರೆ. ಮೆಷಿನ್ ಕೈಗೆ ಅಪ್ಪನನ್ನು ಹೇಗೆ ಒಪ್ಪಿಸುವುದು, ಅಷ್ಟು ದುಡ್ಡು ಹಾಕುವುದು ಸರಿಯೇ ಎಂದು ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಮ್ಮಪ್ಪನಿಗೂ ಇದೇ ಆಪರೇಷನ್ ಆಯಿತು. ನಾನು ಡಾಕ್ಟರಲ್ಲ, ಕಂಡಿದ್ದು ಮತ್ತು ಕೇಳಿ ಓದಿ ತಿಳಿದಿದ್ದು ಹೇಳುತ್ತೇನೆ.

ಮೊದಲು ಆ ಭಯ ಬಿಡಿ. ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಸರ್ಜನ್ ಅದೇ ಥಿಯೇಟರ್‌ನಲ್ಲಿ ಕನ್ಸೋಲ್ ಎಂಬ ನಿಯಂತ್ರಣ ಮೇಜಿನ ಮುಂದೆ ಕೂತು ಕೈ ಆಡಿಸಿದಂತೆ ಒಳಗಿನ ಉಪಕರಣ ಆಡುತ್ತದೆ. ಅಪ್ಪನ ಎದೆ, ಹೊಟ್ಟೆಯ ಮೇಲೆ ಸಣ್ಣ ತೂತುಗಳಷ್ಟೇ ಇದ್ದವು; ಜೋಡಣೆಗೆಂದು ಕತ್ತಿನಲ್ಲಿ ಒಂದು ಗಾಯ. ಅನ್ನನಾಳ ತೆಗೆದು, ಜಠರವನ್ನೇ ಕೊಳವೆಯಂತೆ ಹೊಲಿದು ಮೇಲಕ್ಕೆಳೆದು ಅಲ್ಲಿ ಕೂಡಿಸಿದ್ದರು.

ಹಳೆಯ ಪದ್ಧತಿಯಲ್ಲಿ ಪಕ್ಕೆಲುಬು ಅಗಲಿಸಿ ಎದೆ ತೆರೆಯುತ್ತಾರೆ. ಆ ನೋವಿಗೆ ರೋಗಿ ಜೋರಾಗಿ ಕೆಮ್ಮುವುದಿಲ್ಲ, ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ 112 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶ್ವಾಸಕೋಶದ ತೊಂದರೆ ತೆರೆದ ಆಪರೇಷನ್‌ನವರಲ್ಲಿ ಶೇ 58, ರೋಬೋಟಿಕ್‌ನವರಲ್ಲಿ ಶೇ 32. ಆದರೆ ಕ್ಯಾನ್ಸರ್ ವಾಸಿಯಾಗುವ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಇಲ್ಲೊಂದು ಮಾತು. ರೋಬೋಟ್ ಇಲ್ಲದ ಮಾಮೂಲಿ ಕೀಹೋಲ್‌ನಲ್ಲೂ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಹಾಕಿ ಮಾಡುವ ಆಪರೇಷನ್‌ನಲ್ಲೂ, ಪಕ್ಕೆಲುಬು ಅಗಲಿಸುವುದಿಲ್ಲ. 2012ರ ಯುರೋಪಿನ ಅಧ್ಯಯನದಲ್ಲಿ ಮೊದಲೆರಡು ವಾರದ ಶ್ವಾಸಕೋಶದ ಸೋಂಕು ತೆರೆದ ಪದ್ಧತಿಯಲ್ಲಿ ಶೇ 29 ಇದ್ದದ್ದು ಇದರಲ್ಲಿ ಶೇ 9ಕ್ಕೆ ಇಳಿದಿತ್ತು. ಹಾಗಾಗಿ ಬರೀ ರೋಬೋಟ್‌ಗಾಗಿ ಹೊಲ ಮಾರಬೇಡಿ. ‘ಡಾಕ್ಟ್ರೇ, ಅನ್ನನಾಳದ್ದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ? ಜೋಡಿಸಿದ ಜಾಗ ಸೋರಿದರೆ ಇಲ್ಲೇ ನೋಡಿಕೊಳ್ತೀರಾ?’ ಎಂದು ಸಂಕೋಚಪಡದೆ ಕೇಳಿ. ನಾನು ಸರ್ಜನ್‌ರನ್ನು ಆರಿಸಿದ್ದು ಈ ಉತ್ತರ ಕೇಳಿಯೇ. ಮೊದಲು ಕೀಮೋ, ರೇಡಿಯೇಷನ್ ಆಗಲಿ ಎಂದರೆ, ಗಡ್ಡೆ ಬೇಗ ತೆಗೆಸಬೇಕೆಂದು ಅದನ್ನು ತಪ್ಪಿಸಬೇಡಿ.

ಬೀಡಿ, ತಂಬಾಕು ಇದ್ದರೆ ಇವತ್ತೇ ಬಿಡಿಸಿ. ಉಸಿರು ಎಳೆದು ಉಂಡೆ ಮೇಲೆತ್ತಿ ಶ್ವಾಸಕೋಶಕ್ಕೆ ವ್ಯಾಯಾಮ ಕೊಡುವ ಮೂರು ಉಂಡೆಯ ಸ್ಪೈರೋಮೀಟರ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅಪ್ಪ ಶುರುವಿನಲ್ಲಿ ಒಂದೇ ಉಂಡೆ ಎತ್ತುತ್ತಿದ್ದರು, ಆಪರೇಷನ್ ಹೊತ್ತಿಗೆ ಮೂರನೆಯದೂ ಅಲ್ಲಾಡುತ್ತಿತ್ತು. ಆ ಅಭ್ಯಾಸವೇ ಐಸಿಯುನಲ್ಲಿ ಕೈಹಿಡಿಯಿತು ಎಂದು ನಾನು ಈಗಲೂ ನಂಬಿದ್ದೇನೆ.

ಆಮೇಲಿನ ದಿನಗಳು ಕಷ್ಟವೇ. ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿ ಎರಡು ತಿಂಗಳು ದನಿ ಬಿದ್ದುಹೋಗಿತ್ತು. ಹೊಟ್ಟೆಯ ಪಕ್ಕದ ನಳಿಕೆಗೆ ಸಿರಿಂಜ್‌ನಲ್ಲಿ ಸೋಸಿದ ದ್ರವಾಹಾರ ಕೊಡುತ್ತಿದ್ದೆವು. ಪ್ರತಿ ಸಲ ನೀರು ಹಾಯಿಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಈಗ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ, ಒಂದು ಹೊತ್ತಿಗೆ ಒಂದೂವರೆ ಇಡ್ಲಿ. ಚಪ್ಪಟೆ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆಂದು ಮಂಚದ ತಲೆಕಡೆ ಕಾಲುಗಳಿಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇವೆ.