ಪದವಿಗಳ ಪಟ್ಟಿ ಬೇಡ, ಹುಡುಕಾಟ ಬರೆಯಿರಿ

ನಮಸ್ಕಾರ.

ಮಧ್ಯಯುಗದ ತತ್ವಶಾಸ್ತ್ರದ ಇತಿಹಾಸಕಾರ ಎತಿಯೆನ್ ಜಿಲ್ಸೋನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಇವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ಖುಷಿ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಎರಡು ಪುಟ ಸನ್ಮಾನ ಪತ್ರದ ಹಾಗಿವೆ. 1884ರಲ್ಲಿ ಪ್ಯಾರಿಸ್‌ನಲ್ಲಿ ಜನನ, 1921ರಲ್ಲಿ ಪ್ಯಾರಿಸ್‌ನ ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ, 1932ರಲ್ಲಿ ಕಾಲೇಜ್ ದ ಫ್ರಾನ್ಸ್‌ನಲ್ಲಿ, 1946ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯ. ಎಲ್ಲ ಸರಿಯೇ. ಆದರೆ ಆ ಮನುಷ್ಯನನ್ನು ಕಾಡಿದ ಪ್ರಶ್ನೆ ಯಾವುದು?

ಅದು ನಿಮ್ಮ ಮೂರನೇ ಪುಟದ ಒಂದು ವಾಕ್ಯದಲ್ಲಿ ಅಡಗಿದೆ: 'ದೆಕಾರ್ತ್ ಬಗ್ಗೆಯೂ ಸಂಶೋಧನೆ ಮಾಡಿದ್ದರು.' ಅಲ್ಲಿಂದಲೇ ಶುರು ಮಾಡಿ. ಹದಿನೇಳನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಹಳೆಯದನ್ನೆಲ್ಲ ಪಕ್ಕಕ್ಕಿಟ್ಟು ಹೊಸದಾಗಿ ಯೋಚಿಸಿದವನು ಅಂತ ಜನ ನಂಬಿದ್ದ ಕಾಲ ಅದು. ಸೊರ್ಬೋನ್‌ನ ಪ್ರಾಧ್ಯಾಪಕ ಲೂಸಿಯೆನ್ ಲೆವಿ-ಬ್ರೂಲ್ ಅವರು, ದೆಕಾರ್ತ್ ಮಧ್ಯಯುಗದ ಪಂಡಿತರಿಂದ ಏನೇನು ಪಡೆದಿದ್ದಾನೆ ನೋಡು ಎಂದು ಜಿಲ್ಸೋನ್‌ಗೆ ಸೂಚಿಸಿದರು. ಹುಡುಕುತ್ತಾ ಹೋದರೆ ಅವನ ಎಷ್ಟೋ ವಿಚಾರಗಳ ಬೇರು ಹಳೆಯ ಗ್ರಂಥಗಳಲ್ಲೇ ಸಿಕ್ಕಿತು. ಮೂಲದಲ್ಲಿ ಅವು ಇನ್ನೂ ಗಟ್ಟಿಯಾಗಿವೆ ಅಂತಲೂ ಜಿಲ್ಸೋನ್‌ಗೆ ಅನ್ನಿಸಿತು. 1913ರಲ್ಲಿ ದೆಕಾರ್ತ್ ಮೇಲೆ ಪ್ರಬಂಧ ಬರೆದವರು 1919ರಲ್ಲಿ ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಮೇಲೆ ಪುಸ್ತಕ ತಂದರು.

'ಕ್ಯಾಥೊಲಿಕರಾದ್ದರಿಂದ ಅಕ್ವಿನಾಸ್ ಕಡೆ ಹೋದರು' ಎಂಬ ನಿಮ್ಮ ಮಾತು ಇಲ್ಲಿ ನಿಲ್ಲುವುದಿಲ್ಲ. ನಂಬಿಕೆ ಅವರಿಗೆ ಮನೆಯಿಂದಲೇ ಬಂದಿತ್ತು, ನಿಜ. ಆದರೆ ಆ ದಾರಿ ತೋರಿಸಿದ ಲೆವಿ-ಬ್ರೂಲ್ ಯೆಹೂದಿ ಮನೆತನದವರು. ಇಂಥ ವಿವರವನ್ನು ಬಿಟ್ಟು ಪದವಿ ಎಣಿಸಿದರೆ ಬೇಜಾರಾಗುತ್ತದೆ.

'ಮಧ್ಯಯುಗದ ಕ್ರೈಸ್ತ ಚಿಂತಕರೆಲ್ಲ ಒಂದೇ ಮಾತು ಹೇಳಿದರು' ಎಂದೂ ಬರೆದಿದ್ದೀರಿ. ಜಿಲ್ಸೋನ್ ತೋರಿಸಿದ್ದು ಇದರ ಉಲ್ಟಾ. ಮೊದಲ ಮಹಾಯುದ್ಧದಲ್ಲಿ, 1916ರ ವರ್ದನ್ ಕದನದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕ ಅವರು ಶಿಬಿರದಲ್ಲಿ ಅಕ್ವಿನಾಸ್‌ನ ಸಮಕಾಲೀನ ಚಿಂತಕ ಬೊನವೆಂಚರ್‌ನನ್ನು ಓದಿದರು. 1924ರಲ್ಲಿ ಅವನ ಬಗ್ಗೆ ಪುಸ್ತಕ ಬರೆದು, ಅವನ ದಾರಿ ಅಕ್ವಿನಾಸ್ ದಾರಿಗಿಂತ ಬೇರೆ ಎಂದು ವಾದಿಸಿದರು. ಮುಂದೆ ಇನ್ನೊಬ್ಬ ಮಧ್ಯಯುಗದ ಚಿಂತಕ ಡನ್ಸ್ ಸ್ಕೋಟಸ್ ಮೇಲೂ ದೊಡ್ಡ ಗ್ರಂಥ ಬಂತು. ಈ ಭಾಗ ಜಾಸ್ತಿ ಬೇಕು. ನಮ್ಮ ಓದುಗರಿಗೆ ಈ ಹೆಸರುಗಳು ಹೊಸವು. ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲು ಸರಳವಾಗಿ ಹೇಳಿ.

'ಕ್ರೈಸ್ತ ತತ್ವಶಾಸ್ತ್ರ' ಎಂಬುದು ಇದೆಯೇ ಎಂಬ 1931ರ ಚರ್ಚೆಯ ಬಗ್ಗೆ 'ವಿರೋಧಿಗಳ ಬಾಯಿ ಮುಚ್ಚಿಸಿದರು' ಅಂದಿದ್ದೀರಿ. ಅದನ್ನು ತೆಗೆಯಿರಿ. ಕ್ರೈಸ್ತ ಗಣಿತ ಅಂತ ಹೇಗೆ ಇಲ್ಲವೋ ಹಾಗೆಯೇ ಕ್ರೈಸ್ತ ತತ್ವಶಾಸ್ತ್ರ ಅಂತಲೂ ಇಲ್ಲ ಎಂಬುದು ತತ್ವಶಾಸ್ತ್ರದ ಇತಿಹಾಸಕಾರ ಎಮಿಲ್ ಬ್ರೆಯೆ ಅವರ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಜಿಲ್ಸೋನ್ ಇತಿಹಾಸದಿಂದ ಉತ್ತರ ಕೊಟ್ಟರು: ಶೂನ್ಯದಿಂದ ಸೃಷ್ಟಿ ಎಂಬ ವಿಚಾರ ಗ್ರೀಕರಲ್ಲಿ ಇರಲಿಲ್ಲ, ಧರ್ಮಗ್ರಂಥದಿಂದ ಬಂತು, ಆಮೇಲೆ ತರ್ಕದ ಪರೀಕ್ಷೆಗೂ ಒಳಗಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೊಟ್ಟ ಗಿಫರ್ಡ್ ಉಪನ್ಯಾಸಗಳಲ್ಲಿ ಇದನ್ನೇ ವಿವರಿಸಿದರು. ಎರಡೂ ವಾದಗಳನ್ನು ಪೂರ್ತಿ ಕೊಡಿ. ನಿಮಗೆ ಯಾವುದು ಸರಿ ಅನ್ನಿಸಿತು, ಯಾಕೆ ಅಂತಲೂ ಬರೆಯಿರಿ.

1929ರಲ್ಲಿ ಟೊರಾಂಟೊದಲ್ಲಿ ಮಧ್ಯಯುಗದ ಅಧ್ಯಯನಕ್ಕೆ ಸಂಸ್ಥೆ ಕಟ್ಟಿದ ವಿಷಯ ಇರಲಿ. ಒಂದು ಪ್ಯಾರಾ ಸಾಕು. 'ಮಹಾನ್', 'ಅಪ್ರತಿಮ', 'ಮೇರು' ಇವನ್ನೆಲ್ಲ ಅಳಿಸಿ.

ದೆಕಾರ್ತ್ ಭಾಗವನ್ನು ಮೊದಲು ಬರೆದು ಅಷ್ಟನ್ನೇ ಕಳಿಸಿ. ಓದಿ ಹೇಳುತ್ತೇನೆ. ಉಳಿದದ್ದಕ್ಕೆ ಅವಸರವಿಲ್ಲ.