ಕೇಳಿಯೇ ಕಟ್ಟಿದ ಕೊಟ್ಟಿಗೆ

ಆಲ್ದೂರಿನ ಕಡೆಯ ತೋಟದ ಮನೆಯಿಂದ ಸೊಸೆಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮೂರು ಪುಟದ ತುಂಬಾ ಅಳತೆ, ನಕ್ಷೆ, ಮನೆಯೊಳಗಿನ ಜಗಳ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಅಣ್ಣತಮ್ಮಂದಿರು ಪಾಲಾಗಬೇಕು. ಪಾಲುಪತ್ರಕ್ಕೆ 11ಇ ನಕ್ಷೆ, ಅಂದರೆ ಭಾಗವಾಗುವ ಜಮೀನನ್ನು ಅಳೆದು ಸರ್ವೆಯವರು ಕೊಡುವ ನಕ್ಷೆ ಬೇಕು. ಅರ್ಜಿ ಹಾಕಿದರು, ಸರ್ವೆಯವರು ಬಂದು ಅಳೆದರು. 1998ರಲ್ಲಿ ಮಾವ ಕಟ್ಟಿಸಿದ ಕೊಟ್ಟಿಗೆ, ಅದರ ಮುಂದಿನ ಕಣದ ಒಂದು ಮೂಲೆ, ಎರಡೂ ಪಕ್ಕದವರ ಸರ್ವೆ ನಂಬರಿನಲ್ಲಿವೆ ಎಂದು ಗೊತ್ತಾಯಿತು. ಎಲ್ಲ ಸೇರಿ ಒಂದೂವರೆ ಗುಂಟೆ. ಗುಂಟೆಗೆ 1089 ಚದರಡಿ, ಲೆಕ್ಕ ನೀವೇ ಹಾಕಿಕೊಳ್ಳಿ. ಕೊಟ್ಟಿಗೆಯಲ್ಲಿ ಈಗ ಎರಡೇ ದನ. ಉಳಿದ ಜಾಗದಲ್ಲಿ ಗೊಬ್ಬರದ ಚೀಲ, ಸ್ಪ್ರೇಯರ್, ಒಣಗಿಸಿ ತುಂಬಿಟ್ಟ ಕಾಫಿ ಮೂಟೆ. ಪಕ್ಕದ ತೋಟದ ಹಿರಿಯರು ಅಳತೆ ಮುಗಿಯುವವರೆಗೂ ನಿಂತು ನೋಡಿದರು. ಆಮೇಲೆ ಜಗುಲಿಯಲ್ಲಿ ಕೂತು ಕಾಫಿ ಕುಡಿದು, "ನೋಡೋಣ ಬಿಡಿ" ಎಂದು ಎದ್ದು ಹೋದರು. ಮತ್ತೆ ಈ ಕಡೆ ಬಂದಿಲ್ಲ. ಅಂದಿನಿಂದ ಇವರ ಗಂಡನಿಗೆ ನಿದ್ದೆ ಇಲ್ಲ. ಬೆಂಗಳೂರಿನಲ್ಲಿರುವ ಮೈದುನನಿಗೆ ಮಾತ್ರ ಎಲ್ಲಾ ಗೊತ್ತು. "12 ವರ್ಷ ದಾಟಿದೆ, ಅಡ್ವರ್ಸ್ ಪೊಸೆಷನ್ ಆಗಿದೆ, ಜಾಗ ನಮ್ಮದೇ. ಅವರು ನೋಟಿಸ್ ಕೊಡುವ ಮೊದಲು ನಾವೇ ಕೇಸ್ ಹಾಕೋಣ" ಅಂತ ದಿನಾ ಫೋನು. ಅಡ್ವರ್ಸ್ ಪೊಸೆಷನ್ ಅಂದರೆ ಬೇರೆಯವರ ಜಾಗವನ್ನು ವರ್ಷಗಟ್ಟಲೆ ಹಿಡಿದುಕೊಂಡೇ ಸ್ವಂತದ್ದು ಮಾಡಿಕೊಳ್ಳುವುದು. ಈಗ ಏನು ಮಾಡಲಿ ಎಂದು ಸೊಸೆ ಕೇಳಿದ್ದಾರೆ.

ತಂಗಿ, ನಿಮ್ಮ ಮೂರನೇ ಪುಟದ ತುದಿಯಲ್ಲಿ ಒಂದು ಸಾಲು ಇದೆ. ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. "ಮಾವ ಮಾತ್ರ, ಅವರನ್ನು ಕೇಳಿಯೇ ಕಟ್ಟಿದ್ದು ಕಣಮ್ಮ ಅಂತ ಹೇಳುತ್ತಲೇ ಇರುತ್ತಾರೆ, ಆದರೆ ಅವರಿಗೆ 81 ಆಯಿತು, ಯಾರೂ ಗಣನೆಗೆ ತೆಗೆದುಕೊಳ್ಳುತ್ತಿಲ್ಲ."

ಇಡೀ ಪತ್ರದಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ!

ಮೈದುನ ಹೇಳುವ 12 ವರ್ಷದ ಲೆಕ್ಕ 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ಅರ್ಧ ಮಾತ್ರ. ಸುಮ್ನೆ 12 ವರ್ಷ ಕೂತಿದ್ದರೆ ಜಾಗ ನಮ್ಮದಾಗುವುದಿಲ್ಲ. ಒಡೆಯನಿಗೆ ಎದುರಾಗಿ, ಎಲ್ಲರಿಗೂ ಕಾಣುವಂತೆ, ಇದು ನನ್ನದೇ ಎಂದು ಹಿಡಿದಿರಬೇಕು. ಕರ್ನಾಟಕದ್ದೇ ಒಂದು ಜಮೀನಿನ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಈ ಉದ್ದೇಶದ ವಿಚಾರವನ್ನೇ ಒತ್ತಿ ಹೇಳಿದೆ. ಒಪ್ಪಿಗೆ ಪಡೆದು ಕೂತವರು ಎಷ್ಟು ವರ್ಷ ಕೂತರೂ ಅದು ಒಪ್ಪಿಗೆಯೇ. ಅಂದರೆ ಮಾವನ ಮಾತು ನಿಜವಾದರೆ ಮೈದುನನ ಕೇಸು ಹುಟ್ಟುವ ಮೊದಲೇ ಬಿದ್ದುಹೋಯಿತು.

ಆ ಕೇಸು ಗೆಲ್ಲಬೇಕಾದರೆ ಏನಾಗಬೇಕು ಅಂತ ಸ್ವಲ್ಪ ಯೋಚಿಸಿ. 81 ವರ್ಷದ ಮನುಷ್ಯ ಚಿಕ್ಕಮಗಳೂರಿನ ಕೋರ್ಟಿನಲ್ಲಿ ಕಟಕಟೆ ಹತ್ತಬೇಕು. ಪ್ರಮಾಣ ಮಾಡಿ, "ನಾನು ಇವರನ್ನು ಕೇಳಲಿಲ್ಲ, ಇವರು ಒಪ್ಪಿರಲೂ ಇಲ್ಲ" ಎನ್ನಬೇಕು. ಎದುರಿಗೆ, ಅಂದು ಬೇಲಿಯ ಹತ್ತಿರ ನಿಂತು "ಕಟ್ಟಿಕೊಳ್ಳಿ, ಅದಕ್ಕೇನು" ಎಂದ ಮನುಷ್ಯ ಕೂತಿರುತ್ತಾರೆ. ಮಾವ ಮನೆಯಲ್ಲಿ ಒಂದೇ ಮಾತನ್ನು ಯಾಕೆ ಮತ್ತೆ ಮತ್ತೆ ಹೇಳುತ್ತಿದ್ದಾರೆ ಗೊತ್ತಾಯಿತಾ? ಅರಳುಮರಳಿನಿಂದ ಅಲ್ಲ. ಮಕ್ಕಳು ತನ್ನನ್ನು ಸುಳ್ಳುಗಾರನನ್ನಾಗಿ ಮಾಡಲು ಹೊರಟಿದ್ದಾರೆ ಅನ್ನುವುದು ಮನೆಯಲ್ಲಿ ಅವರೊಬ್ಬರಿಗೇ ಹೊಳೆದಿದೆ.

ನನ್ನ ಸಿಟ್ಟೆಲ್ಲ ಮೈದುನನ ಮೇಲೆ. ದನ ಕಟ್ಟಿದವನಲ್ಲ, ಕಣ ಗುಡಿಸಿದವನಲ್ಲ. ಪಾಲು ಮುಗಿದ ಮೇಲೆ ಪಕ್ಕದವರ ಮುಖ ದಿನಾ ನೋಡಬೇಕಾದವನೂ ಅಲ್ಲ. ಕೇಸು ಹತ್ತು ವರ್ಷ ಎಳೆದರೆ ತಾರೀಖಿಗೆ ಓಡಾಡುವುದು ನಿಮ್ಮ ಗಂಡ. ಕೊಯ್ಲಿನ ಹೊತ್ತಿನಲ್ಲಿ ಆಳು ಸಿಗದಿದ್ದರೆ ಪಕ್ಕದ ತೋಟಕ್ಕೆ ಹೋಗಿ ಕೇಳುವುದೂ ನಿಮ್ಮ ಗಂಡನೇ. ನಿಮ್ಮ ಗಂಡನ ಮೇಲೂ ನನಗೆ ಅಂಥ ಕನಿಕರವೇನಿಲ್ಲ. ತಮ್ಮನ ಫೋನಿಗೆ ಕೊಡುವ ಕಿವಿಯನ್ನು ಅಪ್ಪನ ಮಾತಿಗೆ ಕೊಡಬಹುದಿತ್ತು.

ಇನ್ನು ಮಾವ ಹೇಳುವ ನಿಜಕ್ಕೆ ಕಾಯ್ದೆಯಲ್ಲೂ ಸ್ವಲ್ಪ ಬಲವಿದೆ. ಒಪ್ಪಿಗೆಯನ್ನು ನಂಬಿ, ಸ್ವಂತ ದುಡ್ಡು ಹಾಕಿ ಕಾಯಂ ಕಟ್ಟಡ ಕಟ್ಟಿಕೊಂಡಿದ್ದರೆ, ಒಪ್ಪಿಗೆ ಕೊಟ್ಟವರು ಅದನ್ನು ಮನಸ್ಸು ಬಂದಾಗ ವಾಪಸ್ ಪಡೆಯುವಂತಿಲ್ಲ ಎನ್ನುತ್ತದೆ 1882ರ ಈಸ್ಮೆಂಟ್ ಕಾಯ್ದೆಯ 60ನೇ ಕಲಂ. ಕಲ್ಲಿನ ಪಾಯ, ಕಾಂಕ್ರೀಟ್ ಕಂಬ, ಮೇಲೆ ಮಂಗಳೂರು ಹೆಂಚು ಎಂದು ಬರೆದಿದ್ದೀರಿ. ಅದು ಕಾಯಂ ಕಟ್ಟಡವೇ. ಆದರೆ ಇಷ್ಟಕ್ಕೇ ಹಿಗ್ಗಬೇಡಿ. ಅದೇ ಕಾಯ್ದೆಯ 59ನೇ ಕಲಂ ಪ್ರಕಾರ, ಜಾಗ ಬೇರೆಯವರಿಗೆ ಮಾರಿದರೆ ಕೊಂಡವರಿಗೆ ಆ ಒಪ್ಪಿಗೆ ತಾನಾಗಿ ಅಂಟಿಕೊಳ್ಳುವುದಿಲ್ಲ. ನಮ್ಮ ಕಡೆ ಈಗ ಹೋಂಸ್ಟೇಗೆ ಜಾಗ ಹುಡುಕುವವರು ಬೇಲಿ ಬೇಲಿ ಸುತ್ತುತ್ತಿದ್ದಾರೆ. ಇವತ್ತು ಹಿರಿಯರು ಇದ್ದಾರೆ. ನಾಳೆ ಅವರ ಮಕ್ಕಳು, ನಾಡಿದ್ದು ಯಾರೋ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಎರಡು ಹಠ ಗೊತ್ತು. ನೋಟಿಸಿಗಿಂತ ಮೊದಲು ಮನುಷ್ಯ ಹೋಗಬೇಕು. ಬಾಯಿಮಾತನ್ನು, ಆಡಿದವರು ಇರುವಾಗಲೇ ಕಾಗದಕ್ಕೆ ಇಳಿಸಬೇಕು. ಎಷ್ಟು ಸಲ ಬರೆದರೂ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಆದ್ದರಿಂದ ನಿಮಗೆ ಹೇಳುವುದು ಒಂದೇ. ಈ ವಾರದೊಳಗೆ ಮಾವನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ. ಗಂಡನೂ ಬರಲಿ, ಹಿಂದೆ ಕೂರಲಿ. ನಕ್ಷೆ ಹಿಡಿದುಕೊಂಡು ಹೋಗಬೇಡಿ. ವಕೀಲರ ಹೆಸರು ಎತ್ತಬೇಡಿ. ಮೊದಲ ಮಾತು ಮಾವನೇ ಆಡಲಿ: "ಜಾಗ ನಿಮ್ಮದು. ಅಂದು ನೀವು ಹೂಂ ಅಂದಿರಿ, ನಾನು ಕಟ್ಟಿದೆ. ಈಗ ಇಬ್ಬರೂ ಇರುವಾಗಲೇ ಸರಿ ಮಾಡಿಕೊಳ್ಳೋಣ." ಅಷ್ಟು ಹೇಳಿ ಸುಮ್ಮನಾಗಲಿ. ಆ ಹಿರಿಯರು ಅಳತೆಯ ದಿನವೇ ರೇಗಬಹುದಿತ್ತು, ರೇಗಲಿಲ್ಲ. "ನೋಡೋಣ ಬಿಡಿ" ಅಂದದ್ದನ್ನು ನೀವೆಲ್ಲ ಬೆದರಿಕೆ ಅಂದುಕೊಂಡಿದ್ದೀರಿ. ನನಗೆ ಅನ್ನಿಸುವುದು, ನಿಮ್ಮ ಮನೆಯಿಂದ ಯಾರು ಬರುತ್ತಾರೆ ಎಂದು ಅವರು ಕಾಯುತ್ತಿದ್ದಾರೆ.

ಉಳಿದದ್ದು ಕಚೇರಿ ಕೆಲಸ. ಅಳತೆಯಲ್ಲಿ ಯಾರಿಗಾದರೂ ಅನುಮಾನವಿದ್ದರೆ ಇಬ್ಬರೂ ಮಾತಾಡಿಕೊಂಡು ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ, ಕಲ್ಲು ಹಾಕಿಸಿಕೊಳ್ಳಿ. ಅವರು ಒಪ್ಪಿದರೆ ಆ ಒಂದೂವರೆ ಗುಂಟೆಯನ್ನು ಕ್ರಯಕ್ಕೆ ತೆಗೆದುಕೊಳ್ಳಬಹುದು. ಇಲ್ಲವೇ ನಿಮ್ಮ ಕಡೆಯಿಂದ ಅವರಿಗೆ ಅನುಕೂಲವಾಗುವ ಜಾಗ ಬಿಟ್ಟುಕೊಟ್ಟು ಅದಲು ಬದಲು ಮಾಡಿಕೊಳ್ಳಬಹುದು. ತೋಟದವರಿಗೆ ಎರಡನೆಯದೇ ಹಿಡಿಸುತ್ತದೆ. ಯಾವುದಾದರೂ ರಿಜಿಸ್ಟರ್ ಆಗಲೇಬೇಕು. ಸ್ಟಾಂಪ್ ಪೇಪರಿನಲ್ಲಿ ಬರೆದು ಬೀರುವಿನಲ್ಲಿಟ್ಟರೆ ನಡೆಯುವುದಿಲ್ಲ. ಅದಕ್ಕೂ 11ಇ ನಕ್ಷೆ ಬೇಕು, ಆಮೇಲೆ ಖಾತೆ ಬದಲಾಗಿ ಪಹಣಿಗೆ ಏರಬೇಕು. ಸಾಲದ ವಿವರ ಇರುವ ಪಹಣಿಯ 11ನೇ ಕಾಲಂ ನೋಡಿಕೊಳ್ಳಿ. ಎರಡರಲ್ಲಿ ಯಾವ ತೋಟದ ಮೇಲೆ ಬ್ಯಾಂಕಿನ ಸಾಲ ಇದ್ದರೂ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಇದೆಲ್ಲ ಮುಗಿದ ಮೇಲೇ ಅಣ್ಣತಮ್ಮಂದಿರ ಪಾಲುಪತ್ರ. ಖರ್ಚು ಇಬ್ಬರೂ ಸಮ ಹಾಕಲಿ. ಮೈದುನನೂ ಸೇರಿ.

ಅವರು ಒಪ್ಪದೇ, ಕೊಟ್ಟಿಗೆ ತೆಗೆಯಿರಿ ಎಂದರೆ? ಆಗಲೂ ಕೋರ್ಟು ಮೊದಲಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ರಾಜಿಯಾದದ್ದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಅಪೀಲಿಲ್ಲ. ಅದೂ ಆಗದಿದ್ದರೆ ನನಗೆ ಮತ್ತೆ ಬರೆಯಿರಿ. ಆದರೆ ಮಾವ ಅಲ್ಲಿ ಏನು ಹೇಳಿದರು, ಅವರು ಏನು ಉತ್ತರ ಕೊಟ್ಟರು ಅಂತ ಪತ್ರದ ಮೊದಲ ಪುಟದಲ್ಲೇ ಬರೆಯಿರಿ. ಮೈದುನನ ಅಭಿಪ್ರಾಯ ಬೇಕಾಗಿಲ್ಲ.