ಮದುವೆ ಮಾತುಕತೆ ಮತ್ತು ಮುಚ್ಚಿಟ್ಟ ಇನ್ಸುಲಿನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ 23 ವರ್ಷ. ಓದು ಮುಗಿಸಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದಳು. ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಮಧುಮೇಹ. ಶಾಲೆಯಲ್ಲಿದ್ದಾಗಲೇ ತನ್ನ ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಿದ್ದ ಹುಡುಗಿಯ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ), ಆರು ತಿಂಗಳೊಳಗೆ 7.4ರಿಂದ 10.9ಕ್ಕೆ ಏರಿತ್ತು. ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯದ ಸ್ಥಿತಿ) ಆಗಿ ತೀವ್ರ ನಿಗಾ ಘಟಕ ಸೇರಿ ಚೇತರಿಸಿಕೊಂಡ ಮೇಲೆ ವೈದ್ಯರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳುಹಿಸಿದರು. “ಮೊದಲು ಹೀಗಿರಲಿಲ್ಲ ಮೇಡಂ, ಈಗ ಸೂಜಿಯ ಮಾತೆತ್ತಿದರೆ ಸಿಡುಕುತ್ತಾಳೆ” ಎಂದರು ತಾಯಿ.

ತಾಯಿಯನ್ನು ಹೊರಗೆ ಕೂರಿಸಿದ ಮೇಲೂ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದಳು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಹೆಣ್ಣು ನೋಡಲು ಬರುವ ದಿನ ಇನ್ಸುಲಿನ್ ಪೆನ್ನು, ಗ್ಲುಕೋಮೀಟರ್ ಎಲ್ಲವೂ ಬೀರುವಿನೊಳಗೆ. ತಾಳಿ ಕಟ್ಟುವವರೆಗೆ ಬಾಯಿ ಬಿಡಬೇಡ ಎಂದು ದೊಡ್ಡಪ್ಪನ ಕಟ್ಟಪ್ಪಣೆ. ಗಂಡನ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವುದು ಹೇಗೆ? ಆಗದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮಧ್ಯಾಹ್ನದ ಡೋಸ್ ಬಿಟ್ಟು ನೋಡಿದಳು, ಆಮೇಲೆ ರಾತ್ರಿಯದನ್ನೂ. ತಾಯಿಗೆ ಹಟವಾಗಿ ಕಂಡದ್ದು ಮದುವೆಯ ನಂತರದ ಬದುಕಿಗೆ ಅವಳು ನಡೆಸಿದ್ದ ತಾಲೀಮು.

ಇದನ್ನು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಟೈಪ್ 1ರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದೇ ಇಲ್ಲ ಎನ್ನುವಷ್ಟು ಕಡಿಮೆ. ಊಟ ಮಾಡದ ದಿನವೂ ದೀರ್ಘಾವಧಿಯ ಇನ್ಸುಲಿನ್ ಬೇಕೇ ಬೇಕು. 1922ರಲ್ಲಿ ಮೊದಲ ಬಾರಿಗೆ ರೋಗಿಗೆ ಇನ್ಸುಲಿನ್ ಕೊಡುವ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಕಷಾಯ, ಪಥ್ಯ ಯಾವುದೂ ಅದರ ಜಾಗ ತುಂಬದು.

ಅವಳೊಂದಿಗೆ ಮೊದಲು ಇತ್ಯರ್ಥವಾದದ್ದು ಇಷ್ಟು: ಮದುವೆಯ ವಿಷಯ ಏನೇ ಆಗಲಿ, ಡೋಸ್ ತಪ್ಪಿಸುವಂತಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಳಸುತ್ತಿರುವ ಪೆನ್ನು ಬೀರುವಿನಿಂದ ಹೊರಬಂದು, ಬಿಸಿಲು ತಾಗದ ಕಡೆ, ಎಲ್ಲರಿಗೂ ಕಾಣುವಲ್ಲಿ ಇರಬೇಕು.

ತಾಯಿ ತಂದೆಯರ ಮುಂದೆ ಪ್ರಾಮಾಣಿಕತೆಯ ಉಪದೇಶ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದೆ: ಮಧ್ಯರಾತ್ರಿ ಸಕ್ಕರೆ 70ಕ್ಕಿಂತ ಕೆಳಗಿಳಿದು ಮಗಳು ಬೆವರಿ ನಡುಗುತ್ತಾ ತಡವರಿಸಿದರೆ ಪಕ್ಕದಲ್ಲಿರುವ ಗಂಡ ಏನು ಮಾಡಬೇಕು? ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಕಾಯಿಲೆಯೇ ಗೊತ್ತಿಲ್ಲದವನು ಇದನ್ನೆಲ್ಲ ಹೇಗೆ ಮಾಡಿಯಾನು? ತಂದೆ ತಲೆ ತಗ್ಗಿಸಿದರು. ಮಗಳಿಗೆ ಕೆಟ್ಟದ್ದು ಬಯಸಿ ಬಚ್ಚಿಟ್ಟವರಲ್ಲ ಅವರು. ಸಂಬಂಧ ಕೂಡಿಬರುವುದಿಲ್ಲವೆಂಬ ದಿಗಿಲು.

ಕೊನೆಗೆ ಮೂವರೂ ಒಪ್ಪಿದರು. ಮೊದಲ ಭೇಟಿಯಲ್ಲೇ ಬೇಡ, ಆದರೆ ನಿಶ್ಚಿತಾರ್ಥದ ಮಾತು ಬರುವ ಮುಂಚೆ ಹುಡುಗನಿಗೆ ಅವಳೇ ಹೇಳಬೇಕು. ಹೇಳಬೇಕಾದ್ದನ್ನು ನನ್ನ ಮುಂದೆಯೇ ಬರೆದಳು: “ನನಗೆ ಟೈಪ್ 1 ಮಧುಮೇಹವಿದೆ. ಸಿಹಿ ತಿಂದು ಬಂದದ್ದಲ್ಲ. ದಿನಾ ಇನ್ಸುಲಿನ್ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತೇನೆ. ಪ್ರಶ್ನೆಗಳಿದ್ದರೆ ನನ್ನ ವೈದ್ಯರನ್ನು ಒಟ್ಟಿಗೆ ಕಾಣೋಣ.” ಮಕ್ಕಳಾಗುತ್ತವೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೂ ಉತ್ತರ ಸಿದ್ಧ ಮಾಡಿಕೊಂಡೆವು: ಆಗುತ್ತವೆ. ಗರ್ಭ ಧರಿಸುವ ಮುನ್ನವೇ ಎಚ್‌ಬಿಎ1ಸಿಯನ್ನು, ಸಾಧ್ಯವಾದರೆ 6.5ಕ್ಕಿಂತ ಕೆಳಗೆ ತಂದು, ವೈದ್ಯರ ನಿಗಾದಲ್ಲಿರಬೇಕು.

ಹೇಳಿದ ಮೇಲೆ ಒಂದು ಸಂಬಂಧ ಮುರಿಯಿತು. ಅವಳು ಅತ್ತಳು, ಸೂಜಿ ಮಾತ್ರ ಬಿಡಲಿಲ್ಲ. ಮೂರು ತಿಂಗಳ ನಂತರದ ಎಚ್‌ಬಿಎ1ಸಿ 8.3. ಮದುವೆಯನ್ನು ಒಂದು ವರ್ಷ ಮುಂದೂಡೋಣವೆಂದು ಈಗ ಅವಳೇ ಮನೆಯಲ್ಲಿ ಕೇಳಿದ್ದಾಳೆ. ದೊಡ್ಡಪ್ಪನಿಗೆ ಅದು ಒಪ್ಪಿಗೆಯಿಲ್ಲ. ಮುಂದಿನ ಸಲ ಅವರನ್ನೂ ಕರೆತರಲು ತಂದೆಗೆ ಹೇಳಿದ್ದೇನೆ.